ಎದೆಯ ಭಾರ ಮತ್ತು ಇಸಿಜಿ

ನಮ್ಮ ಅತ್ತೆಯವರು ಗದಗ ಕಡೆಯವರು. ಕಿರಿಯ ಮಗ ನೌಕರಿಗೆಂದು ಪುಣೆಗೆ ಹೋದ ಮೇಲೆ ಅವರಿಗೆ ಆಗಾಗ ಎದೆ ಬಿಗಿದಂತಾಗತೊಡಗಿತು. ಹುಬ್ಬಳ್ಳಿಯ ಹೃದ್ರೋಗ ತಜ್ಞರೊಬ್ಬರು ಇಸಿಜಿ, ಎಕೋ ಎರಡನ್ನೂ ಮಾಡಿಸಿ, ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಳುಹಿಸಿದರು. "ಏನೂ ಇಲ್ಲ ಅಂತಾರ, ಮತ್ತ ಎದಿ ಮ್ಯಾಲೆ ಕಲ್ಲ ಇಟ್ಟಂಗ ಆಗೋದು ಸುಳ್ಳೇನವಾ?" ಎಂದು ಅತ್ತೆಯವರು ಕೇಳಿದರು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಅದು ನ್ಯಾಯವಾದ ಪ್ರಶ್ನೆ ಎನಿಸಿತು.

ಸುಳ್ಳಂತೂ ಅಲ್ಲ. ಭಯವೋ ಆತಂಕವೋ ಎದ್ದೊಡನೆ ಮೆದುಳಿನ ಸಂದೇಶ ನಮ್ಮ ಇಚ್ಛೆಗೆ ಕಾಯದೆ ಕೆಲಸ ಮಾಡುವ ಸಿಂಪಥೆಟಿಕ್ ನರಗಳ ಮೂಲಕ ಹೃದಯ, ರಕ್ತನಾಳ, ಬೆವರಿನ ಗ್ರಂಥಿಗಳನ್ನು ತಲುಪುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಕಿರಿದಾಗಿ ಅಂಗೈ ತಣ್ಣಗಾಗುತ್ತದೆ, ಜಠರ ಮತ್ತು ಕರುಳಿನ ಪಾಲಿನ ರಕ್ತ ಸ್ನಾಯುಗಳ ಕಡೆಗೆ ತಿರುಗಿ ಪಚನಕ್ರಿಯೆ ಮಂದವಾಗುತ್ತದೆ. ಚಿಂತೆ ದಿನಗಟ್ಟಲೆ ಉಳಿದರೆ ಎದೆಗೂಡಿನ ಸ್ನಾಯುಗಳು ಸಡಿಲವಾಗದೆ ನೋಯಬಹುದು. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ ಚಟುವಟಿಕೆಯನ್ನು. ಪಕ್ಕೆಲುಬುಗಳ ನಡುವಿನ ಬಿಗಿತವನ್ನು ಅಳೆಯುವುದು ಅದರ ಕೆಲಸವಲ್ಲ. ಸುದ್ದಿ ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ: ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ತಂತುಗಳಲ್ಲಿ ಹೆಚ್ಚಿನವು ಒಳಾಂಗಗಳ ಸ್ಥಿತಿಯನ್ನು ಮೆದುಳಿಗೆ ತಿಳಿಸುವಂಥವು.

ಗಂಟಲು ಕಟ್ಟುವುದನ್ನೇ ನೋಡಿ. ಹುಬ್ಬಳ್ಳಿ ನಿಲ್ದಾಣದ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಮೈದುನನಿಗೆ ಕಿಟಕಿಯಿಂದ ಬುತ್ತಿಯ ಚೀಲ ಕೊಟ್ಟ ಅತ್ತೆಯವರು, ಶೇಂಗಾ ಹಿಂಡಿ ಯಾವ ಡಬ್ಬಿಯಲ್ಲಿದೆ ಎಂದು ಹೇಳಹೋಗಿ ಅರ್ಧಕ್ಕೇ ನಿಲ್ಲಿಸಿ, ಉಗುಳು ನುಂಗಲು ಕಷ್ಟಪಟ್ಟದ್ದನ್ನು ನಾನು ಪಕ್ಕದಲ್ಲೇ ನಿಂತು ಕಂಡಿದ್ದೆ. ಇಂಥ ಹೊತ್ತಿನಲ್ಲಿ ಹೆಚ್ಚು ಗಾಳಿ ಎಳೆದುಕೊಳ್ಳಲೆಂದು ದೇಹ ಧ್ವನಿತಂತುಗಳ ನಡುವಿನ ಸಂದನ್ನು ಅಗಲಿಸಿ ಹಿಡಿಯುತ್ತದೆ, ನುಂಗಬೇಕಾದರೆ ಅದೇ ಸಂದು ಮುಚ್ಚಬೇಕಾಗುತ್ತದೆ. ಆ ಜಗ್ಗಾಟವೇ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಭಾಸವಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ನಮ್ಮ ಪೂರ್ವಿಕರು ಇದನ್ನು ಗಮನಿಸದೆ ಬಿಟ್ಟಿರಲಿಲ್ಲ. ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳು, ಅಂದರೆ ಭಾವ ಉಕ್ಕಿದಾಗ ಮೈಯಲ್ಲಿ ತಾನಾಗಿ ಕಾಣುವ ಗುರುತುಗಳು, ಸ್ತಂಭ (ಮೈ ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು) ಮತ್ತು ಪ್ರಳಯ (ಮೂರ್ಛೆ). ಕೈಸನ್ನೆಯನ್ನು ಬೇಕೆಂದಾಗ ಮಾಡಬಹುದು, ಬೆವರನ್ನು ಹಾಗೆ ತರಿಸಲಾಗದು. ಇವುಗಳಲ್ಲಿ ಬಹುಪಾಲು ಇಂದು ನಾವು ಸ್ವಯಂಚಾಲಿತ ನರಮಂಡಲದ ಲೆಕ್ಕಕ್ಕೆ ಬರೆಯುವ ಬದಲಾವಣೆಗಳೇ ಆಗಿವೆ. ಧಾರವಾಡದ ಬೈಠಕ್ಕುಗಳಲ್ಲಿ ಗಾಯಕರು ತಾರ ಷಡ್ಜ (ಮೇಲಿನ ಸಾ) ಹಚ್ಚಿ ನಿಂತಾಗ ಕೇಳುಗರ ಮೈ ನವಿರೇಳುವುದು ಕೂಡ ಕೂದಲ ಬುಡದ ಪುಟ್ಟ ಸ್ನಾಯುಗಳು ಅದೇ ಸಿಂಪಥೆಟಿಕ್ ನರಗಳ ಆಣತಿಯಂತೆ ಸಂಕುಚಿಸುವುದರಿಂದಲೇ.

ದೇಹದ ಬದಲಾವಣೆಯ ಅನುಭವವೇ ಭಾವನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದರು. ಬೇರೆಬೇರೆ ಭಾವನೆಗಳಲ್ಲಿ ಒಳಾಂಗಗಳು ಒಂದೇ ತೆರನಾಗಿ ಬದಲಾಗುತ್ತವೆ ಎಂದು ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1927ರಲ್ಲಿ ಅದನ್ನು ಆಕ್ಷೇಪಿಸಿದರು. ನನಗೆ ಕ್ಯಾನನ್ ಅವರ ಮಾತಿನಲ್ಲಿ ತೂಕ ಕಾಣುತ್ತದೆ, ಏಕೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹೆದರಿದವರ ಎದೆಯೂ ಹಿಗ್ಗಿದವರ ಎದೆಯೂ ಒಂದೇ ಸಮನೆ ಹೊಡೆದುಕೊಳ್ಳುತ್ತದೆ. 2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಫಿನ್ಲೆಂಡ್, ಸ್ವೀಡನ್, ತೈವಾನಿನ ಸುಮಾರು 700 ಜನರಿಂದ ದೇಹದ ರೇಖಾಚಿತ್ರಗಳಿಗೆ ಬಣ್ಣ ತುಂಬಿಸಿದಾಗ ಸಿಟ್ಟು ಎದೆ, ತಲೆ, ಕೈಗಳಲ್ಲಿ ಉಕ್ಕಿದಂತೆಯೂ, ದುಃಖದಲ್ಲಿ ಕೈಕಾಲು ಸೋತಂತೆಯೂ ಚಿತ್ರಗಳು ಮೂಡಿದವು. ವಾಟ್ಸಾಪಿನಲ್ಲಿ ಆ ಬಣ್ಣಗಳನ್ನು ದೇಹದ ಉಷ್ಣತೆಯೆಂದು ಹಂಚುವವರಿದ್ದಾರೆ. ಅವು ಜನರು ತಮಗನಿಸಿದ್ದನ್ನು ಗುರುತಿಸಿದ ಚಿತ್ರಗಳು ಮಾತ್ರ.

ಅಪರೂಪಕ್ಕೆ ದುಃಖ ಇಸಿಜಿಯಲ್ಲೂ ಕಾಣುತ್ತದೆ. ಜಪಾನಿನ ವೈದ್ಯರು 1990ರ ಸುಮಾರಿಗೆ ಟಕೊಟ್ಸುಬೊ ಎಂದು ಹೆಸರಿಸಿದ ಸ್ಥಿತಿಯಲ್ಲಿ ತೀವ್ರ ಆಘಾತದ ನಂತರ ಹೃದಯದ ಎಡ ಕುಹರದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗಿ ಉಬ್ಬುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು, ಲಕ್ಷಣಗಳು ಹೃದಯಾಘಾತದಂತೆಯೇ ಇರುತ್ತವೆ. ಆದ್ದರಿಂದ ಎದೆ ನೋವು ಬಂದರೆ ಗ್ಯಾಸ್ ಎಂದೋ ಚಿಂತೆ ಎಂದೋ ಸೋಡಾ ಕುಡಿದು ಕೂಡದೆ ಮೊದಲು ಆಸ್ಪತ್ರೆಗೆ ಹೋಗಬೇಕು. ವರದಿ ಸರಿಯಿದ್ದೂ ನೋವು ಉಳಿದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಂತಹ ಕಡೆ ಮನೋವೈದ್ಯರನ್ನು ಕಾಣಬಹುದು; ಅಲ್ಲಿಗೆ ಹೋದರೆ ಓಣಿಯವರು ಏನಂದಾರು ಎಂದು ಅತ್ತೆಯವರು ಇನ್ನೂ ಒಪ್ಪಿಲ್ಲ.