ಅಮ್ಮನ ಸಕ್ಕರೆ ಸುದ್ದಿ ಯಾರಿಗೆಲ್ಲ ಹೋಯಿತು?

ಅಮ್ಮನ ರಕ್ತ ಪರೀಕ್ಷೆಗೆ ಜಯನಗರದ ಒಂದು ಲ್ಯಾಬ್‌ಗೆ ಹೋಗಿದ್ದೆವು. ರಿಪೋರ್ಟ್ ವಾಟ್ಸ್‌ಆ್ಯಪ್‌ಗೆ ಬರುತ್ತದೆ ಅಂತ ಕೌಂಟರಿನ ಹುಡುಗಿ ನಂಬರ್ ಕೇಳಿದಳು. ನನ್ನದು ಕೊಟ್ಟೆ. ಆ ವಾರವೇ ಒಂದು ಫೋನ್ ಬಂತು.

"ಮೇಡಂ, ನಿಮ್ಮ ತಾಯಿಯವರ ಶುಗರ್‌ಗೆ ನಮ್ಮಲ್ಲಿ ಒಳ್ಳೆ ಪ್ಯಾಕೇಜ್ ಇದೆ."

"ನಿಮಗೆ ಈ ವಿಷಯ ಹೇಳಿದ್ದು ಯಾರು?"

"ಸಿಸ್ಟಮ್‌ನಲ್ಲಿ ಬಂದಿದೆ ಮೇಡಂ." ಫೋನ್ ಕಟ್.

ಅಮ್ಮ ಪಕ್ಕದಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಅವರ ಕೈ ನಿಂತಿತು. "ನಿಮ್ಮ ಚಿಕ್ಕಮ್ಮನಿಗೂ ನಾನು ಹೇಳಿಲ್ಲ ಕಣೇ. ಅವನಿಗೆ ಹೇಗೆ ಗೊತ್ತಾಯ್ತು?" ಅವರ ಮುಖ ನೋಡಿ ನನಗೆ ಹೊಟ್ಟೆ ಉರಿಯಿತು.

ಲ್ಯಾಬಿನವರೇ ಕೊಟ್ಟರು ಅಂತ ಹೇಳಲಾರೆ, ಪುರಾವೆ ಇಲ್ಲ. ಹಾಗಾಗಿ ಅವರನ್ನೇ ಕೇಳಿದೆ. ಕಂಪನಿಗಳ ಪ್ರೈವೆಸಿ ಪಾಲಿಸಿಯ ಕೊನೆಯಲ್ಲಿ ಗ್ರೀವನ್ಸ್ ಆಫೀಸರ್, ಅಂದರೆ ದೂರು ಕೇಳುವ ಅಧಿಕಾರಿಯ ಇಮೇಲ್ ಇರುತ್ತದೆ, ಅಲ್ಲಿಗೆ ಅಮ್ಮನ ಸಹಿ ಹಾಕಿಸಿ ಪತ್ರ ಕಳಿಸಿದೆ. ನಮ್ಮ ಬಗ್ಗೆ ನಿಮ್ಮ ಹತ್ತಿರ ಏನೇನಿದೆ? ಅದನ್ನು ಯಾರಿಗೆಲ್ಲ ಕೊಟ್ಟಿದ್ದೀರಿ?

ಮೊದಲನೆಯದಕ್ಕೆ ಉತ್ತರ ಬಂತು. ಹೆಸರು, ವಯಸ್ಸು, ವಿಳಾಸ, ಮಾಡಿಸಿದ ಟೆಸ್ಟ್‌ಗಳ ಪಟ್ಟಿ. ಎರಡನೆಯದಕ್ಕೆ "ಅಗತ್ಯಕ್ಕೆ ತಕ್ಕಂತೆ ನಮ್ಮ ಪಾರ್ಟ್ನರ್‌ಗಳಿಗೆ" ಅಂತ ಒಂದೇ ಸಾಲು. ಯಾರು ಆ ಪಾರ್ಟ್ನರ್‌ಗಳು? ಮತ್ತೆ ಬರೆದೆ, ಉತ್ತರವೇ ಇಲ್ಲ. ಅಮ್ಮನ ವಯಸ್ಸು, ಟೆಸ್ಟು ನಮಗೆ ಗೊತ್ತಿರುವುದೇ. ಅವು ಎಲ್ಲಿಗೆ ಹೋದವು ಅನ್ನುವುದು ತಾನೇ ನಮಗೆ ಬೇಕಿದ್ದದ್ದು?

ಅಂಥ ಪಟ್ಟಿ ಕೊಡಲು ಆಗುವುದಿಲ್ಲ ಅನ್ನುವ ಹಾಗಿಲ್ಲ. ನನ್ನ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲದ ಲೆಕ್ಕವೆಲ್ಲ ಇರುವ ವರದಿ, ಇಳಿಸಿಕೊಂಡಾಗ ಅದು ಕಣ್ಣಿಗೆ ಕಂಡಿತು. ರಿಸರ್ವ್ ಬ್ಯಾಂಕ್ ನಿಯಮದಂತೆ 2017ರಿಂದ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ಈ ರಿಪೋರ್ಟ್ ಮಾಡುವ ಕಂಪನಿಗಳಲ್ಲಿ ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್‌ನವರೂ ಕೊಡಬೇಕು. ಅದರಲ್ಲಿ 'ಎನ್‌ಕ್ವೈರಿ' ಅಂತ ಒಂದು ಭಾಗವಿದೆ. ಯಾವ ಬ್ಯಾಂಕು, ಯಾವ ತಾರೀಕು, ಯಾವ ಸಾಲಕ್ಕೆ ನನ್ನ ವಿವರ ನೋಡಿತು ಅನ್ನುವುದು ಸಾಲುಸಾಲಾಗಿ ಇತ್ತು. ವಿಜಯನಗರದ ಹಳೇ ಬಾಡಿಗೆ ಮನೆಯ ವಿಳಾಸವೂ ಅಲ್ಲೇ ಕೂತಿತ್ತು. ತಪ್ಪಿದೆ ಅಂತ ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಯಮ ಗಟ್ಟಿಯಾಗಿದ್ದ ಕಡೆ ಪಟ್ಟಿ ತಾನಾಗಿ ಬರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಅದಕ್ಕೆ ಕಾರಣರಾದವರು ಬೆಂಗಳೂರಿನಲ್ಲೇ ಇದ್ದ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು. ನಮ್ಮೂರಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ಅದರ 11ನೇ ಸೆಕ್ಷನ್ ಓದಿದಾಗ ನನ್ನ ಪತ್ರದ ಎರಡೂ ಪ್ರಶ್ನೆ ಅದರಲ್ಲಿ ಕಂಡವು. ಏನಿದೆ ಅಂತ ಹೇಳಬೇಕು, ಯಾರ ಜೊತೆ ಹಂಚಿಕೊಂಡಿದ್ದಾರೋ ಅವರು ಯಾರು ಅಂತಲೂ ತಿಳಿಸಬೇಕು. ಆದರೆ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಬೇರೆ. 2027ರ ಮೇವರೆಗೆ ಕಾಯಬೇಕು.

ಇನ್ನೊಂದು ತೊಡಕಿದೆ. ನಾವು ಒಪ್ಪಿಗೆ ಕೊಟ್ಟವರನ್ನು ಮಾತ್ರ ಆ ಸೆಕ್ಷನ್ ಅಡಿ ಕೇಳಬಹುದು. ನಮಗೆ ಗೊತ್ತೇ ಇಲ್ಲದೆ ನಮ್ಮ ವಿವರ ಕೊಂಡುಕೊಂಡವರಿಗೆ ನಾವೇನೂ ಒಪ್ಪಿಗೆ ಕೊಟ್ಟಿಲ್ಲ, ಅಲ್ವಾ? ಮಾಹಿತಿ ಮಾರುವ ವ್ಯಾಪಾರ ನಡೆಯುವುದೇ ಅಂಥವರ ನಡುವೆ. ಯೂರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ಇದಕ್ಕೂ ದಾರಿ ಇದೆ. ನಿಮ್ಮಿಂದ ನೇರವಾಗಿ ಪಡೆಯದ ಮಾಹಿತಿ ಇಟ್ಟುಕೊಂಡವರು, ಕೇಳಿದರೆ, ಅದರ ಮೂಲದ ಬಗ್ಗೆ ತಮಗೆ ತಿಳಿದಿದ್ದನ್ನು ಹೇಳಬೇಕು. ಅಂಥದ್ದೊಂದು ಸಾಲು ನಮ್ಮ ಕಾಯ್ದೆಗೂ ಸೇರಿಸಿ ಅಂತ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯಕ್ಕೆ ಬರೆದಿದ್ದೇನೆ. ಲ್ಯಾಬಿನ ಉತ್ತರವನ್ನೂ ಅದಕ್ಕೆ ಲಗತ್ತಿಸಿದ್ದೇನೆ.