ಕೆಬಿಲಿ ದಾರಿಯಲ್ಲಿ ಹಿಂದ್ ಸಬ್ರಿ

ತೊಜೂರ್ ಊರಿನ ಲುವಾಜ್ ಸ್ಟ್ಯಾಂಡಿನಲ್ಲಿ ಒಂದೂವರೆ ಗಂಟೆ ಕಾದೆ. ಲುವಾಜ್ ಅಂದರೆ ಟುನೀಶಿಯಾದ ಶೇರ್ ವ್ಯಾನು. ಬಿಳಿ ಬಣ್ಣ, ಕೆಂಪು ಪಟ್ಟೆ, ಎಂಟು ಸೀಟು. ಹೊರಡುವ ಟೈಮ್ ಅನ್ನೋದೇ ಇಲ್ಲ, ಎಂಟನೆಯವರು ಬಂದು ಕೂತಾಗಲೇ ಗಾಡಿ ಸ್ಟಾರ್ಟ್. ಕೊನೆಗೂ ಒಬ್ಬರು ಅಜ್ಜಿ ಬಂದರು, ಕೈಯಲ್ಲಿ ಎರಡು ಚೀಲ.

ಕೆಬಿಲಿಗೆ ಯಾಕೆ ಅಂತ ಪಕ್ಕದ ಕಾಲೇಜು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿ ನಿಲ್ಲದೆ ಮರುಭೂಮಿ ಅಂಚಿನ ದೂಜ್‌ಗೆ ಹೋಗಿ ಒಂಟೆ ಹತ್ತುತ್ತಾರೆ. "ಸಿನಿಮಾ ನಟಿ ಹಿಂದ್ ಸಬ್ರಿ ಹುಟ್ಟಿದ ಊರು ಅಲ್ವಾ, ಸುಮ್ನೆ ನೋಡೋಣ ಅಂತ" ಎಂದೆ. ಹುಡುಗಿ ಅದನ್ನು ಅರಬ್ಬಿಯಲ್ಲಿ ಹೇಳಿದ್ದೇ ತಡ, ವ್ಯಾನೆಲ್ಲ ನಗು. ಅಜ್ಜಿ ಮಾತ್ರ ನಗಲಿಲ್ಲ, ಏನೋ ಗೊಣಗಿದರು. "ಅವಳು ಈಜಿಪ್ಟಿನವಳೇ ಆಗಿಬಿಟ್ಟಳು ಅಂತಿದಾರೆ" ಎಂದಳು ಹುಡುಗಿ.

ಸುಮಾರು 90 ಕಿ.ಮೀ. ದಾರಿ. ಜಾಸ್ತಿ ಪಾಲು ಶತ್ ಎಲ್ ಜೆರಿದ್ ಎಂಬ ಉಪ್ಪಿನ ಬಯಲ ಮೇಲೇ. ಏರಿ ಕಟ್ಟಿ ರಸ್ತೆ ಮಾಡಿದ್ದಾರೆ. ಒಂದು ಮರ ಇಲ್ಲ, ಮನೆ ಇಲ್ಲ. ರಸ್ತೆ ಪಕ್ಕದ ಹಳ್ಳದಲ್ಲಿ ನಿಂತ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಅಂಚಿಗೆಲ್ಲ ಉಪ್ಪು ಹೆಪ್ಪುಗಟ್ಟಿತ್ತು.

ಅಜ್ಜಿಯ ಮಾತು ತಲೆಯಲ್ಲೇ ಉಳಿಯಿತು. 1994ರಲ್ಲಿ ನಿರ್ದೇಶಕಿ ಮುಫಿದಾ ತ್ಲಾತ್ಲಿ 'ಅರಮನೆಯ ಮೌನ' ಚಿತ್ರ ಮಾಡಿದಾಗ ಹಿಂದ್‌ಗೆ 14 ವರ್ಷ. ಅರಮನೆಯ ಕೆಲಸದವಳ ಮಗಳ ಪಾತ್ರ. ಅದರಲ್ಲೊಂದು ಕಡೆ ಹುಡುಗಿ ಬಾಯಿ ತೆರೆದು ಕಿರುಚುತ್ತಾಳೆ, ಸದ್ದೇ ಬರುವುದಿಲ್ಲ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಆದರೆ ಟುನೀಶಿಯಾದಲ್ಲಿ ವರ್ಷಕ್ಕೆ ತಯಾರಾಗುವ ಸಿನಿಮಾಗಳೇ ಬೆರಳೆಣಿಕೆ. ಈಜಿಪ್ಟಿನವರು ಆಡುವ ಅರಬ್ಬಿ, ಅಲ್ಲಿನ ಸಿನಿಮಾದಿಂದಾಗಿ, ಅರಬ್ ನಾಡಿಗೆಲ್ಲ ಗೊತ್ತು, ಟುನೀಶಿಯಾದ ಅರಬ್ಬಿ ಕೈರೋದವರಿಗೆ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಈಕೆ ನಾಲಿಗೆಯನ್ನೇ ಬದಲಾಯಿಸಿಕೊಂಡಳು. 2001ರಿಂದ ಈಜಿಪ್ಟಿನ ಚಿತ್ರಗಳು. 2006ರ 'ಯಾಕೂಬಿಯನ್ ಬಿಲ್ಡಿಂಗ್', 2011ರಲ್ಲಿ ಎಚ್‌ಐವಿ ಇರುವ ಹೆಂಗಸಾಗಿ 'ಅಸ್ಮಾ'. ಜೊತೆಗೆ ಕಾನೂನು ಪದವಿ ಬೇರೆ.

"ವ್ಯತ್ಯಾಸ ಅಷ್ಟೊಂದಾ?" ಎಂದು ಕೇಳಿದೆ. ಹುಡುಗಿ ಉದಾಹರಣೆ ಕೊಟ್ಟಳು. ನಾವು 'ತುಂಬಾ' ಅನ್ನುವ ಕಡೆ ಈಜಿಪ್ಟಿನವರು 'ಅವಿ' ಅಂತಾರಂತೆ, ಇವರು 'ಬರ್ಶಾ'. ಅಜ್ಜಿ "ಬರ್ಶಾ, ಬರ್ಶಾ" ಎಂದು ನನಗೆ ಎರಡು ಸಲ ಹೇಳಿಕೊಟ್ಟರು.

ಆದರೆ ಹಿಂದ್ ಪೂರ್ತಿ ಬಿಟ್ಟು ಹೋಗಲಿಲ್ಲ. 2019ರ 'ನೂರಾಳ ಕನಸು' ಟುನೀಶಿಯಾದ್ದೇ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳ ಪಾತ್ರ, ಕಾರ್ಥೇಜ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ. 2023ರಲ್ಲಿ ನಿರ್ದೇಶಕಿ ಕೌಥರ್ ಬೆನ್ ಹನಿಯಾ ಅವರ 'ನಾಲ್ಕು ಹೆಣ್ಣುಮಕ್ಕಳು' ಬಂತು. ಓಲ್ಫಾ ಎಂಬ ತಾಯಿಯ ನಿಜಕಥೆ. ಹಿರಿಯ ಹೆಣ್ಣುಮಕ್ಕಳಿಬ್ಬರು ಐಸಿಸ್ ಸೇರಿದ್ದರು. ಓಲ್ಫಾ ಪಕ್ಕದಲ್ಲೇ ಇದ್ದು, ನಾನು ಹೀಗಲ್ಲ ಹಾಗೆ ಅಂತ ತಿದ್ದುತ್ತಿದ್ದರೆ, ಹಿಂದ್ ಅವಳಾಗಿ ನಟಿಸಬೇಕು. ಇಷ್ಟು ವರ್ಷ ಸ್ಟಾರ್ ಆಗಿದ್ದವಳು ಅದಕ್ಕೆ ಒಪ್ಪಿದ್ದೇ ನನಗೆ ದೊಡ್ಡದು ಅನಿಸುತ್ತೆ. ಚಿತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

ಕೆಬಿಲಿ ಸ್ಟ್ಯಾಂಡಿನಲ್ಲಿ ಅವಳ ಪೋಸ್ಟರ್ ಒಂದೂ ಕಾಣಲಿಲ್ಲ. ಖರ್ಜೂರದ ತೋಟ, ಧೂಳು, ಮಧ್ಯಾಹ್ನದ ಬಿಸಿಲು. ಅಜ್ಜಿ ಇಳಿಯುವಾಗ ಚೀಲದಿಂದ ಒಂದು ಗೊಂಚಲು ದೆಗ್ಲೆತ್ ನೂರ್ ಖರ್ಜೂರ ಕಿತ್ತು ಕೈಗಿಟ್ಟರು. ಒಂದು ಬಾಯಿಗೆ ಹಾಕಿಕೊಂಡೆ. ಹೇಗಿದೆ ಅಂತ ಕಣ್ಣಲ್ಲೇ ಕೇಳಿದರು.

"ಬರ್ಶಾ" ಎಂದೆ. ತಪ್ಪು ಬಳಕೆ ಅನ್ನಿಸುತ್ತೆ, ಅಜ್ಜಿ ಈ ಸಲ ಜೋರಾಗಿ ನಕ್ಕರು.