ಐಬನ್ನು ಮೊದಲು ಬರೆಯಿರಿ: ಹರಾಜಿನ ಕ್ಯಾಟಲಾಗ್ ಕೆಲಸ ನನಗೆ ಕಲಿಸಿದ್ದು

ಹರಾಜಿಗೆ ಬರುವ ಹಳೆಯ ವಸ್ತುಗಳ ಕ್ಯಾಟಲಾಗ್ ಬರೆಯುವುದು ನನ್ನ ಕೆಲಸ. ಬೀರು, ಮೇಜು, ಕುರ್ಚಿ, ಗಡಿಯಾರ, ಕಂಚಿನ ಮತ್ತು ಕಲ್ಲಿನ ಶಿಲ್ಪ, ಇವೇ ಜಾಸ್ತಿ. ವಸ್ತು ಬಂದ ಮೇಲೆ ಅದನ್ನು ಅಳೆದು, ತಿರುಗಿಸಿ ನೋಡಿ, ಯಾವ ಕಾಲದ್ದು, ಯಾರ ಕೈಕೆಲಸ, ಈಗ ಯಾವ ಸ್ಥಿತಿಯಲ್ಲಿದೆ ಅಂತ ಕೆಲವೇ ಸಾಲಿನಲ್ಲಿ ಬರೆಯಬೇಕು. ಜೊತೆಗೆ ಅಂದಾಜು ಬೆಲೆಯನ್ನೂ ಹಾಕಬೇಕು.

ಹೊಸದಾಗಿ ಸೇರಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಚೆನ್ನಾಗಿ ಮಾರಾಟ ಆಗೋ ಹಾಗೆ ಬರೆಯೋದು ಹೇಗೆ?" ಅನ್ನುವುದು. ನನ್ನ ಉತ್ತರ ಬದಲಾಗಿಲ್ಲ. ಏನು ಮುರಿದಿದೆ, ಏನು ಬದಲಾಗಿದೆ, ಏನನ್ನು ಆಮೇಲೆ ಸೇರಿಸಿದ್ದಾರೆ, ಅದನ್ನು ಮೊದಲು ಬರೆಯಿರಿ. ಹೊಗಳಿಕೆ ಆಮೇಲೆ.

ಇದು ಉಲ್ಟಾ ಅನ್ನಿಸಬಹುದು. ಆದರೆ ಹರಾಜಿನಲ್ಲಿ ಬೆಲೆ ಏರಬೇಕಾದರೆ ಪೈಪೋಟಿಗೆ ಇಬ್ಬರಾದರೂ ಇರಬೇಕು ಅಲ್ವಾ? ಒಬ್ಬರೇ ಎಷ್ಟು ಆಸೆಪಟ್ಟರೂ ಕೂಗು ರಿಸರ್ವ್ ಬೆಲೆಯ (ಇದಕ್ಕಿಂತ ಕಡಿಮೆಗೆ ಕೊಡಲ್ಲ ಅಂತ ಮೊದಲೇ ಗೊತ್ತುಮಾಡಿದ ಬೆಲೆ) ಹತ್ತಿರವೇ ನಿಂತುಬಿಡುತ್ತದೆ. ಕೂಗುವವರಲ್ಲಿ ಬಹಳ ಜನ ಈಗ ಫೋನಿನಲ್ಲೋ ಇಂಟರ್‌ನೆಟ್‌ನಲ್ಲೋ ಇರುತ್ತಾರೆ. ವಸ್ತುವನ್ನು ಮುಟ್ಟಿ ನೋಡಿರುವುದಿಲ್ಲ. ನಾವು ಬರೆದದ್ದನ್ನು ನಂಬಿಯೇ ಅವರು ದುಡ್ಡು ಹಾಕಬೇಕು. ಹಿಂದಿನ ಕಾಲು ಬದಲಾಗಿದೆ ಅಂತ ಓದಿದವರು ಆ ಲೆಕ್ಕ ಕಳೆದು ಕೂಗುತ್ತಾರೆ. ಕ್ಯಾಟಲಾಗ್‌ನಲ್ಲಿ ಏನೂ ಇಲ್ಲ, ಫೋಟೋದಲ್ಲಿ ಮಾತ್ರ ಕಾಲಿನ ಬಣ್ಣ ಬೇರೆ ಕಾಣುತ್ತಿದೆ ಅಂದರೆ? ಇನ್ನೂ ಏನೇನು ಬಚ್ಚಿಟ್ಟಿದ್ದಾರೋ ಅಂತ ಸುಮ್ಮನಾಗಿಬಿಡುತ್ತಾರೆ. ಆ ಲಾಟ್ (ಹರಾಜಿಗಿಟ್ಟ ವಸ್ತು) ಮಾತ್ರ ಅಲ್ಲ, ಮುಂದಿನ ಲಾಟುಗಳಿಗೂ ಅವರು ಬರುವುದಿಲ್ಲ.

ಐಬು ಬರೆಯಬೇಕಾದರೆ ಮೊದಲು ಅದು ಕಣ್ಣಿಗೆ ಬೀಳಬೇಕು. ಮುಂಭಾಗದಲ್ಲಿ ಅದು ಸಿಗುವುದು ಅಪರೂಪ. ಮಾಡಿದವನು ಯಾರೂ ನೋಡಲ್ಲ ಅಂತ ಬಿಟ್ಟ ಜಾಗದಲ್ಲೇ ನಿಜ ಇರುತ್ತದೆ.

18ನೇ ಶತಮಾನದ್ದು ಅನ್ನುವ ಒಂದು ಡ್ರಾಯರ್ ಬೀರು ಬಂದಿದೆ ಅಂದುಕೊಳ್ಳಿ. ನಾನು ಮೊದಲು ಒಂದು ಡ್ರಾಯರನ್ನು ಪೂರ್ತಿ ಹೊರಗೆ ಎಳೆದು, ಕಂಬಳಿ ಮೇಲೆ ಬೋರಲು ಹಾಕುತ್ತೇನೆ. ಟಾರ್ಚನ್ನು ಮೇಲಿನಿಂದ ಬಿಡಬಾರದು. ಪಕ್ಕದಿಂದ, ಬೆಳಕು ಹಲಗೆಯನ್ನು ಸವರಿಕೊಂಡು ಹೋಗುವ ಹಾಗೆ ಬಿಡಬೇಕು. ಆಗ ಗರಗಸದ ಗೀರುಗಳು ಎದ್ದು ಕಾಣುತ್ತವೆ. ಕೈಗರಗಸದ ಗೀರು ನೇರವಾಗಿರುತ್ತದೆ, ನಡುವಿನ ಅಂತರ ಮಾತ್ರ ಹೆಚ್ಚು ಕಡಿಮೆ. ಚಕ್ರದ ಗರಗಸದ ಗೀರು ಕಮಾನಿನ ಹಾಗೆ ಬಾಗಿರುತ್ತದೆ. ಆ ಗರಗಸ ಮರದ ಮಿಲ್ಲುಗಳಲ್ಲಿ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಹಾಗಾಗಿ 1760ರದ್ದು ಅನ್ನುವ ಡ್ರಾಯರಿನ ತಳದಲ್ಲಿ ಕಮಾನು ಗೀರು ಕಂಡರೆ ಒಂದೋ ತಳ ಬದಲಾಗಿದೆ, ಇಲ್ಲವೇ ಇಡೀ ಬೀರೇ ಆಮೇಲಿನದು.

ಆಮೇಲೆ ಮೂಲೆಯ ಡವ್‌ಟೇಲ್ ಕೀಲು, ಅಂದರೆ ಹಲ್ಲುಗಳನ್ನು ಒಂದರೊಳಗೊಂದು ಕೂರಿಸಿ ಎರಡು ಹಲಗೆ ಸೇರಿಸುವ ಕೀಲು. ಕೈಯಲ್ಲಿ ಕತ್ತರಿಸಿದ ಹಲ್ಲುಗಳು ಒಂದರಂತೆ ಒಂದು ಇರುವುದಿಲ್ಲ. ಬಡಗಿ ಅಳತೆಗೆ ಎಳೆದ ಸಣ್ಣ ಗೆರೆಯೂ ಅಲ್ಲೇ ಉಳಿದಿರುತ್ತದೆ. ಮಿಷನ್ನಿನ ಹಲ್ಲುಗಳು ಎಲ್ಲವೂ ಒಂದೇ ಅಳತೆ. ಎಲ್ಲಾ ಡ್ರಾಯರುಗಳನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಕೈಯ ಕೆಲಸ ಆಗಿದ್ದರೆ ಕೀಲು ಕತ್ತರಿಸಿದ ರೀತಿ ಒಂದೇ ಇರುತ್ತದೆ. ಒಂದು ಡ್ರಾಯರ್ ಮಾತ್ರ ಬೇರೆ ಕಂಡರೆ ಅದನ್ನು ಬರೆಯಬೇಕು. ಡ್ರಾಯರಿನ ಮುಖದ ಒಳಬದಿಯನ್ನೂ ಬೆರಳಿನಿಂದ ಸವರಿ ನೋಡಿ. ಮುಚ್ಚಿದ ತೂತುಗಳು ಸಿಕ್ಕರೆ ಹಿಡಿಗಳು ಬದಲಾಗಿವೆ.

ಸ್ಕ್ರೂ ವಿಚಾರದಲ್ಲಿ ಅವಸರ ಬೇಡ. ಹಳೆಯ ಕೈಕೆಲಸದ ಸ್ಕ್ರೂವಿನ ತುದಿ ಮೊಂಡು, ತಲೆಯ ಸೀಳು ಸರಿಯಾಗಿ ನಡುವೆ ಇರುವುದಿಲ್ಲ. ಮೊನಚು ತುದಿಯ ಮಿಷನ್ ಸ್ಕ್ರೂ 1840ರ ದಶಕದಿಂದ ಈಚೆಗೆ ಹರಡಿದ್ದು. ಆದರೆ ಒಂದು ಹೊಸ ಸ್ಕ್ರೂ ಕಂಡ ಮಾತ್ರಕ್ಕೆ ಬೀರು ನಕಲಿ ಆಗುವುದಿಲ್ಲ. ಇಷ್ಟು ವರ್ಷದಲ್ಲಿ ಯಾರೋ ಒಂದು ತಿರುಪು ಬದಲಿಸಿರುತ್ತಾರೆ. ಹಳೆಯ ತೂತಿನ ಗುರುತೇ ಇಲ್ಲದ ಕಡೆ ಹೊಸ ಸ್ಕ್ರೂ ಕೂತಿದ್ದರೆ ಅದು ಬೇರೆ ಮಾತು.

ನನಗೆ ಬಹಳ ಇಷ್ಟವಾದ ಪರೀಕ್ಷೆ ದುಂಡು ಮೇಜಿನದು. ಮರ ಎಳೆಯ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಹಾಗಾಗಿ ಇನ್ನೂರು ವರ್ಷದ ಹಿಂದೆ ಗಟ್ಟಿ ಹಲಗೆಯಲ್ಲಿ ದುಂಡಗೆ ಕತ್ತರಿಸಿದ ಮೇಜು ಇವತ್ತು ಪೂರ್ತಿ ದುಂಡಗೆ ಉಳಿದಿರುವುದಿಲ್ಲ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಟೇಪು ಹಿಡಿದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗಬೇಕು. ಕಣ್ಣಿಗೆ ಗೊತ್ತಾಗುವುದಿಲ್ಲ, ಟೇಪಿಗೆ ಗೊತ್ತಾಗುತ್ತದೆ. ಎರಡು ಕಡೆಯೂ ಒಂದೇ ಅಳತೆ ಬಂದರೆ ನಾನು ಆ ಮೇಜನ್ನು ಮೊದಲಿನಿಂದ ನೋಡುತ್ತೇನೆ.

ಇಷ್ಟೆಲ್ಲ ನೋಡಿದ ಮೇಲೆ ಬರಹ ಹೀಗೆ ಬರುತ್ತದೆ: "ವಾಲ್‌ನಟ್ ವೆನೀರಿನ ಡ್ರಾಯರ್ ಬೀರು, 18ನೇ ಶತಮಾನದ ನಡುಭಾಗ. ಕಾಲುಗಳು ಆಮೇಲಿನವು. ಹಿಡಿಗಳು ಬದಲಾಗಿವೆ. ಮೇಲಿನ ಎಡ ಡ್ರಾಯರಿನ ತಳ ಹೊಸದು. ಬಲಬದಿಯ ವೆನೀರಿನಲ್ಲಿ ಮೂರು ತೇಪೆ. ಹಳೆಯ ಹುಳುವಿನ ತೂತುಗಳಿವೆ." (ವೆನೀರ್ ಅಂದರೆ ಮೇಲೆ ಅಂಟಿಸುವ ತೆಳು ಮರದ ಹಾಳೆ.) ಇದರಲ್ಲಿ ಚಂದ ಅನ್ನುವ ಪದವೇ ಇಲ್ಲ. ಆದರೆ ವ್ಯಾಪಾರ ಬಲ್ಲವರು ಇಂಥ ಬರಹ ಓದಿದ ಕೂಡಲೇ ಫೋನ್ ಮಾಡುತ್ತಾರೆ. ನೋಡಿ ಬರೆದಿದ್ದಾರೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ.

ಗಡಿಯಾರ ಬಂದ ಕೂಡಲೇ ಎಲ್ಲರಿಗೂ ಕೀ ಕೊಡುವ ಆಸೆ. ದಯವಿಟ್ಟು ಕೊಡಬೇಡಿ. ಎಣ್ಣೆ ಒಣಗಿ ಗಟ್ಟಿಯಾಗಿರುತ್ತದೆ, ಸ್ಪ್ರಿಂಗ್ ಯಾವ ಸ್ಥಿತಿಯಲ್ಲಿದೆಯೋ ಗೊತ್ತಿರುವುದಿಲ್ಲ. ಮೊದಲು ಯಂತ್ರವನ್ನು ನೋಡಬೇಕು. ಡಯಲ್ಲಿನ ಹಿಂದೆ ಸಣ್ಣ ಕಾಲುಗಳಿರುತ್ತವೆ, ಅವು ಯಂತ್ರದ ಮುಂದಿನ ಹಿತ್ತಾಳೆ ತಟ್ಟೆಯ ತೂತುಗಳಲ್ಲಿ ಕೂರುತ್ತವೆ. ಆ ತಟ್ಟೆಯಲ್ಲಿ ಕೆಲಸಕ್ಕೆ ಬಾರದ ತೂತುಗಳು ಕಂಡರೆ ಈ ಯಂತ್ರಕ್ಕೆ ಮೊದಲು ಬೇರೆ ಡಯಲ್ ಇದ್ದಿರಬೇಕು. ಫ್ರಾನ್ಸಿನ 19ನೇ ಶತಮಾನದ ಮೇಜಿನ ಗಡಿಯಾರಗಳಲ್ಲಿ ಇನ್ನೊಂದು ಸುಲಭದ ಗುರುತಿದೆ. ಯಂತ್ರದ ಹಿಂದಿನ ತಟ್ಟೆಯ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಪೆಂಡುಲಂ ಮೇಲೂ ಬಹಳ ಸಲ ಅದೇ ನಂಬರ್ ಇರುತ್ತದೆ. ಎರಡೂ ಹೊಂದಿದರೆ ಸಂತೋಷವಾಗಿ ಬರೆಯಿರಿ. ಹೊಂದದಿದ್ದರೆ ಅದನ್ನೂ ಬರೆಯಿರಿ.

ಡಯಲ್ ಮೇಲಿನ ಹೆಸರನ್ನು ನಂಬಿ ಕೂರಬಾರದು. ಅದು ಮಾರಿದ ಅಂಗಡಿಯವನ ಹೆಸರಿರಬಹುದು, ಸುಳ್ಳು ಹೆಸರೂ ಇರಬಹುದು. ಪ್ಯಾರಿಸ್ಸಿನ ಹೆಸರಾಂತ ಗಡಿಯಾರ ತಯಾರಕ ಅಬ್ರಹಾಂ ಲೂಯಿ ಬ್ರೆಗೆ (1747–1823) ಬದುಕಿದ್ದಾಗಲೇ ಅವನ ಹೆಸರಿನಲ್ಲಿ ನಕಲಿ ಬರುತ್ತಿತ್ತು. ಅದಕ್ಕೇ 1795ರ ಸುಮಾರಿಗೆ ಡಯಲ್ಲಿನ ಮೇಲೆ ಬರಿಗಣ್ಣಿಗೆ ಸುಲಭವಾಗಿ ಕಾಣದ ಗುಟ್ಟಿನ ಸಹಿ ಹಾಕಲು ಶುರುಮಾಡಿದ.

ಎಲ್ಲಾ ಬದಲಾವಣೆಯೂ ಐಬಲ್ಲ ಅನ್ನುವುದನ್ನೂ ಗಡಿಯಾರಗಳಿಂದಲೇ ಕಲಿತೆ. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಪೆಂಡುಲಂ ಗಡಿಯಾರ ರೂಪಿಸಿದ್ದು 1656ರಲ್ಲಿ. ಅದು ಎಷ್ಟು ಸರಿಯಾಗಿ ನಡೆಯಿತು ಅಂದರೆ, ಮೊದಲಿಂದ ಇದ್ದ ಗಡಿಯಾರಗಳಿಗೂ ಜನ ಪೆಂಡುಲಂ ಹಾಕಿಸಿಕೊಂಡರು. ಅಂಥ ಗಡಿಯಾರದಲ್ಲಿ ಮಾರ್ಪಾಡೇ ಚರಿತ್ರೆ. ಮುಚ್ಚುಮರೆ ಇಲ್ಲದೆ, ಯಾವ ಕಾಲದ ಮಾರ್ಪಾಡು ಅಂತ ಸೇರಿಸಿ ಬರೆದರೆ ಕೊಳ್ಳುವವರು ಅದನ್ನು ಗೌರವದಿಂದಲೇ ನೋಡುತ್ತಾರೆ.

ಶಿಲ್ಪದಲ್ಲಿ ಕಷ್ಟ ಜಾಸ್ತಿ, ಏಕೆಂದರೆ ಕಂಚಿನ ಒಂದೇ ಮಾದರಿಯಿಂದ ಹಲವು ಎರಕ ಬಂದಿರುತ್ತವೆ. ಪ್ರಾಣಿಶಿಲ್ಪಕ್ಕೆ ಹೆಸರಾದ ಆಂಟ್ವಾನ್ ಲೂಯಿ ಬಾರಿ 1875ರಲ್ಲಿ ತೀರಿಕೊಂಡ. ಅವನ ಎಷ್ಟೋ ಮಾದರಿಗಳನ್ನು ಬಾರ್ಬೆಡಿಯೆನ್ ಎರಕಶಾಲೆ ಕೊಂಡು ಮುಂದೆಯೂ ಎರಕ ಹೊಯ್ಯಿತು. ಹಾಗಾಗಿ ಅವನ ಹೆಸರಿರುವ ಸಿಂಹ ಅವನು ಬದುಕಿದ್ದಾಗಿನದೂ ಇರಬಹುದು, ಆಮೇಲಿನದೂ ಇರಬಹುದು. ಎರಡೂ ನ್ಯಾಯವಾದ ವಸ್ತುಗಳೇ, ಬೆಲೆ ಮಾತ್ರ ಬೇರೆ. ಫ್ರಾನ್ಸಿನ ಶಿಲ್ಪಿ ರೊಡೆನ್ ಸತ್ತದ್ದು 1917ರಲ್ಲಿ. ಅವನ ಕೃತಿಗಳ ಹಕ್ಕು ಅವನೇ ಫ್ರಾನ್ಸ್ ಸರ್ಕಾರಕ್ಕೆ ಕೊಟ್ಟಿದ್ದರಿಂದ ಪ್ಯಾರಿಸ್ಸಿನ ರೊಡೆನ್ ಮ್ಯೂಸಿಯಂ ಆಮೇಲೂ ಎರಕ ಮಾಡಿಸಿತು. ಅಲ್ಲಿನ ನಿಯಮದ ಪ್ರಕಾರ ಒಂದು ಕೃತಿಯ ಮೂಲ ಎರಕಗಳು ಒಟ್ಟು 12ನ್ನು ಮೀರುವಂತಿಲ್ಲ. ಅವುಗಳಲ್ಲಿ 8ಕ್ಕೆ ನಂಬರ್, 4 ಕಲಾವಿದನ ಪ್ರತಿ. ಇಂಥ ಕಡೆ ಎರಕದ ವರ್ಷ ಬಿಟ್ಟು ಕಲಾವಿದನ ಹೆಸರು ಮಾತ್ರ ಹಾಕಿದರೆ ಓದುವವರಿಗೆ ಅರ್ಧ ಸುಳ್ಳು ಹೇಳಿದ ಹಾಗೆ.

ಇನ್ನು ಕಂಚಿನಿಂದಲೇ ಅಚ್ಚು ತೆಗೆದು ಮಾಡಿದ ಮರು ಎರಕ. ಲೋಹ ತಣಿಯುವಾಗ ಕುಗ್ಗುವುದರಿಂದ ಅದು ಮೂಲಕ್ಕಿಂತ ಒಂದೆರಡು ಶೇಕಡಾ ಚಿಕ್ಕದಿರುತ್ತದೆ. ಸಹಿಯ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತವೆ. ಕ್ಯಾಲಿಪರ್ ಹಿಡಿದು, ದಾಖಲೆಯಲ್ಲಿರುವ ಅಳತೆಯ ಜೊತೆ ಹೋಲಿಸಿ ನೋಡಿದರೆ ಸಿಕ್ಕಿಬೀಳುತ್ತದೆ. ಕಂಚಿನ ಬಣ್ಣ ಬಳಿದ ಸತುವಿನ ಶಿಲ್ಪವೂ ಬರುತ್ತದೆ. ತಳದಲ್ಲಿ ಬಣ್ಣ ಸವೆದ ಕಡೆ ಹಳದಿ ಬದಲು ಬೂದುಬಿಳಿ ಲೋಹ ಕಂಡರೆ ಅದು ಸತು.

ದಂತ ಮತ್ತು ಕೆಲವು ಮರಗಳ ವಿಚಾರದಲ್ಲಿ ಮಾತು ಕೊಡುವ ಮೊದಲೇ ಕಾನೂನು ನೋಡಿಕೊಳ್ಳಿ. ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಆಫ್ರಿಕಾದ ಆನೆಯನ್ನು ಸೇರಿಸಿದ್ದು 1989ರಲ್ಲಿ, ಬ್ರೆಜಿಲ್ ರೋಸ್‌ವುಡ್ಡನ್ನು 1992ರಲ್ಲಿ. ಕೀಲಿತೂತಿನ ಸುತ್ತಲಿನ ಸಣ್ಣದೊಂದು ದಂತದ ಪಟ್ಟಿಯಿಂದ ಇಡೀ ಬೀರು ಗಡಿ ದಾಟದೇ ಉಳಿಯಬಹುದು.

ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ದಾಖಲೆ ಗಟ್ಟಿಯಾಗಿದ್ದರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಬ್ಯಾಡ್ಮಿಂಟನ್ ಕ್ಯಾಬಿನೆಟ್ ಅನ್ನುವ ಬೀರು ಇದಕ್ಕೆ ದೊಡ್ಡ ಉದಾಹರಣೆ. ಇಂಗ್ಲೆಂಡಿನ ಮೂರನೇ ಬೋಫರ್ಟ್ ಡ್ಯೂಕ್ 1726ರಲ್ಲಿ, 19ನೇ ವಯಸ್ಸಿನಲ್ಲಿ, ಫ್ಲಾರೆನ್ಸ್‌ನಲ್ಲಿ ಮಾಡಿಸಿದ್ದು. ಕರಿಮರದ ಮೇಲೆ ಬಣ್ಣದ ಕಲ್ಲುಗಳನ್ನು ಕೂರಿಸಿದ ಚಿತ್ತಾರ, ನೆತ್ತಿಯಲ್ಲಿ ಗಡಿಯಾರ, ಸುತ್ತ ಚಿನ್ನದ ಲೇಪದ ಕಂಚಿನ ಮೂರ್ತಿಗಳು. ಮಾಡಿಸಿದ ಮನೆತನದಲ್ಲೇ 1990ರವರೆಗೆ ಇತ್ತು. ಆ ವರ್ಷ ಹರಾಜಿನಲ್ಲಿ 85 ಲಕ್ಷ ಪೌಂಡಿಗೂ ಹೆಚ್ಚು ಬಂತು, 2004ರಲ್ಲಿ ಮತ್ತೆ ಬಂದಾಗ 1 ಕೋಟಿ 90 ಲಕ್ಷ ಪೌಂಡ್. ಕೆಲಸ ಅದ್ಭುತ, ನಿಜ. ಆದರೆ ಮಾಡಿಸಿದವನಿಂದ ಇವತ್ತಿನವರೆಗೆ ಸರಪಳಿ ಎಲ್ಲೂ ಕಡಿಯದ ವಸ್ತು ಎಷ್ಟು ಸಿಗುತ್ತವೆ ಹೇಳಿ?

ನಮ್ಮಲ್ಲಿಗೆ ಬರುವ ವಸ್ತುಗಳಲ್ಲಿ ಬಹುಪಾಲಿನ ಜೊತೆ ಇರುವುದು ದಾಖಲೆಯಲ್ಲ, ಮನೆಯವರು ಹೇಳಿಕೊಂಡು ಬಂದ ಕಥೆ. ಒಮ್ಮೆ ಒಬ್ಬ ಹಿರಿಯ ಹೆಂಗಸು ಬರೆಯುವ ಮೇಜು, ಅದರ ಮೇಲೆ ಪುಸ್ತಕದ ಕಪಾಟು ಇರುವ ಜೋಡಿ ತಂದಿದ್ದರು. ಎರಡರ ಬೆನ್ನಿನ ಹಲಗೆಗಳೂ ಬೇರೆ ಬೇರೆ ಮರ. ಕೆಳಗಿನದು ಅಡ್ಡಡ್ಡ ಹಲಗೆ, ಮೇಲಿನದು ಚೌಕಟ್ಟಿನೊಳಗೆ ಕೂರಿಸಿದ ಹಲಗೆ. ಅವರನ್ನು ಹಿಂದೆ ಕರೆದುಕೊಂಡು ಹೋಗಿ ಟಾರ್ಚ್ ಅವರ ಕೈಗೇ ಕೊಟ್ಟೆ.

"ಹಾಗಾದ್ರೆ ಇದಕ್ಕೆ ಬೆಲೆನೇ ಇಲ್ವಾ?" ಅಂದರು.

"ಇದೆ ಅಮ್ಮ. ಎರಡೂ ಒಳ್ಳೆ ಕೆಲಸ. ಆದ್ರೆ ಇವನ್ನ ಜೊತೆಗೆ ಮಾಡಿದ್ದಲ್ಲ, ಆಮೇಲೆ ಜೋಡಿಸಿದ್ದು. ಹಾಗಂತ ಬರೆದೇ ಮಾರೋಣ."

ಅವರು ಸ್ವಲ್ಪ ಹೊತ್ತು ಹಲಗೆಗಳನ್ನೇ ನೋಡಿ ಒಪ್ಪಿದರು. ಅಂದಾಜು ಬೆಲೆಯನ್ನು ತಗ್ಗಿಸಿ ಹಾಕಿದೆವು, ಬೆನ್ನಿನ ಫೋಟೋವನ್ನೂ ಕ್ಯಾಟಲಾಗ್‌ಗೆ ಸೇರಿಸಿದೆವು. ಕೂಗಿದವರಲ್ಲಿ ಒಬ್ಬರೂ ಆಮೇಲೆ ತಕರಾರು ತೆಗೆಯಲಿಲ್ಲ. ಮಾರುವವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಟಾರ್ಚ್ ಕೊಟ್ಟು ತೋರಿಸುವುದು ಒಳ್ಳೆಯದು ಅಂತ ಈಗಲೂ ಎಲ್ಲರಿಗೂ ಹೇಳುತ್ತೇನೆ.

ಮನೆಯಲ್ಲಿ ಹಳೆಯದು ಏನಾದರೂ ಇದ್ದು ಮಾರುವ ಯೋಚನೆ ಇದ್ದರೆ ನನ್ನದೊಂದು ಕೋರಿಕೆ. ತೋರಿಸುವ ಮೊದಲು ತೊಳೆಯಬೇಡಿ, ಪಾಲಿಶ್ ಮಾಡಿಸಬೇಡಿ. ಕಂಚಿನ ಮೇಲಿನ ಕಂದು ಬಣ್ಣ ಕೊಳೆಯಲ್ಲ. ಅದನ್ನು ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಕಿತ್ತುಬಂದ ವೆನೀರ್ ಚೂರು, ಬಿದ್ದ ಹಿಡಿ, ಮುರಿದ ಮುಳ್ಳು, ಹಳೆಯ ರಸೀದಿ, ಹಿಂದೆ ಅಂಟಿಸಿದ ಚೀಟಿ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಜೊತೆಗೆ ತನ್ನಿ. ಉದ್ದನೆಯ ಗಡಿಯಾರ ಆದರೆ ಪೆಂಡುಲಂ ಮತ್ತು ತೂಕದ ಗುಂಡುಗಳನ್ನು ಮೊದಲು ಬಿಚ್ಚಿ ಬೇರೆ ಬೇರೆ ಸುತ್ತಿಡಿ. ಪೆಂಡುಲಂನಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆ ಕಂಡರೆ ಅದನ್ನು ಮಲಗಿಸಬೇಡಿ, ನೀವೇ ಬಿಚ್ಚಲೂ ಹೋಗಬೇಡಿ. ಗಡಿಯಾರ ಬಲ್ಲವರನ್ನು ಕರೆಸಿ.